ಒಂದು ಚೆಂಡು ಮಲ್ಲಿಗೆಗೆ ಎಷ್ಟು ಹೊತ್ತು?

ಉಡುಪಿ ಹತ್ತಿರದ ನಮ್ಮ ಶಂಕರಪುರದ ಕಡೆ ಮಲ್ಲಿಗೆಯ ಲೆಕ್ಕ ಹೀಗೆ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂವಿನವರು ಬರುವಷ್ಟರಲ್ಲಿ ಬಾಳೆ ಎಲೆಯಲ್ಲಿ ಸುತ್ತಿ ಇಟ್ಟಿರಬೇಕು. ನಾನು ಮದುವೆಯಾಗಿ ಈ ಮನೆಗೆ ಬಂದು 29 ವರ್ಷ ಆಯಿತು. ಬಂದ ವಾರದಿಂದಲೇ ಅತ್ತೆಯ ಪಕ್ಕ ಕೂತು ಕಟ್ಟಲು ಕಲಿತೆ. ಒಂದು ಚೆಂಡಿಗೆ ನನಗೆ ಮುಕ್ಕಾಲು ಗಂಟೆ ಸಾಕು. ಕರೆಂಟ್ ಹೋದರೂ ಕೈ ನಿಲ್ಲುತ್ತಿರಲಿಲ್ಲ. ಮೊಗ್ಗಿನ ತೊಟ್ಟು ಎಲ್ಲಿದೆ, ನಾರು ಎಷ್ಟು ಬಿಗಿಯಾಗಿದೆ ಅಂತ ಬೆರಳಿಗೇ ಗೊತ್ತಾಗುತ್ತಿತ್ತು.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಕ್ಯಾನ್ಸರ್ ಮದ್ದಿನ ಕಥೆಯಲ್ಲಿ ಈ ಲೆಕ್ಕವೇ ಕೊನೆಗೆ ಕೆಲಸಕ್ಕೆ ಬಂತು.

ನನಗೆ ಎಡಗಡೆ ಸ್ತನದಲ್ಲಿ ಗಡ್ಡೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆಮೇಲೆ ಒಟ್ಟು 16 ಕೀಮೋ ಅಂದರು. ಮೊದಲ ನಾಲ್ಕು, ಮೂರು ವಾರಕ್ಕೊಂದರಂತೆ. ಅದರಲ್ಲಿ ಒಂದು ಮದ್ದು ಕೆಂಪಗಿರುತ್ತದೆ, ಹೆಸರು ಡಾಕ್ಸೋರುಬಿಸಿನ್. ವಾರ್ಡಿನಲ್ಲಿ ಎಲ್ಲರೂ ಕೆಂಪು ಮದ್ದು ಅಂತಲೇ ಹೇಳುವುದು. ಅದು ಹೋದ ದಿನ ಮೂತ್ರವೂ ಕೆಂಪಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಹೇಳಿದ್ದರೂ ನಾನು ಹೆದರಿದೆ. ಉಳಿದ 12, ವಾರಕ್ಕೊಂದರಂತೆ, ಪ್ಯಾಕ್ಲಿಟಾಕ್ಸೆಲ್ ಅಂತ. ಕಟಪಾಡಿಗೆ ಹೋಗಿ ಎಕ್ಸ್‌ಪ್ರೆಸ್ ಬಸ್ಸು ಹಿಡಿದರೆ ಮಂಗಳೂರು ಸುಮಾರು 50 ಕಿಲೋಮೀಟರ್. ಕಾಪು, ಪಡುಬಿದ್ರಿ, ಮುಲ್ಕಿ, ಸುರತ್ಕಲ್. ಆ ದಾರಿಯ ಹಂಪುಗಳೆಲ್ಲ ಈಗ ನನಗೆ ಬಾಯಿಪಾಠ.

ಮೊದಲ ಕೀಮೋದ ದಿನವೇ ಒಬ್ಬರು ಹುಡುಗಿ ಬಂದು ಪಕ್ಕದಲ್ಲಿ ಕೂತರು. ನರ್ಸಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು, ನಾನು ಸಿಸ್ಟರ್ ಅಂತಲೇ ಕರೆಯುತ್ತಿದ್ದೆ. "ಅಕ್ಕ, ಒಂದು ಸಂಶೋಧನೆ ಉಂಟು. ಮನೆಗೆ ಹೋದ ಮೇಲೆ ನಿಮಗೆ ಏನೇನು ತೊಂದರೆ ಆಗ್ತದೆ ಅಂತ ಮೊಬೈಲ್‌ನಲ್ಲಿ ಒತ್ತಬೇಕು. ವಾರಕ್ಕೊಮ್ಮೆ. ಹತ್ತು ನಿಮಿಷ ಸಾಕು. ಸೇರ್ತೀರಾ?" ಅಂತ ಕೇಳಿದರು.

ಕೂಡಲೇ ಹೂಂ ಅನ್ನಲಿಲ್ಲ. ಸಂಶೋಧನೆ ಅಂದ ಕೂಡಲೇ ಮನಸ್ಸಿಗೆ ಬರುವುದೇ ಬೇರೆ. ಪಕ್ಕದ ಮನೆಯ ಬಾಯಮ್ಮ ಅಂತೂ "ನಿನ್ನ ಮೇಲೆ ಪ್ರಯೋಗ ಮಾಡ್ತಾರೆ, ಸೈನ್ ಹಾಕಬೇಡ ಮಾರಾಯ್ತಿ" ಅಂದರು. ಆದರೆ ಸಿಸ್ಟರ್ ಅವಸರ ಮಾಡಲಿಲ್ಲ. ಕನ್ನಡದಲ್ಲೇ ಇದ್ದ ನಾಲ್ಕೈದು ಪುಟ ಕೊಟ್ಟು, ಮನೆಗೆ ಕೊಂಡುಹೋಗಿ ಓದಿ ಅಂದರು. ಕಾಯಿಲೆಯವರಿಗೆ ಅನ್ಯಾಯ ಆಗುವುದಿಲ್ಲವಾ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆಯೇ ಇಂಥದ್ದನ್ನು ಶುರು ಮಾಡುವುದು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ. ನನ್ನ ಹೆಸರಿನ ಬದಲು ಒಂದು ಸಂಖ್ಯೆ ಇರುತ್ತದೆ. ಮದ್ದು ಅದೇ, ಡಾಕ್ಟರೂ ಅವರೇ. ಮೊಬೈಲ್‌ನಲ್ಲಿ ಕೇಳುವುದೊಂದೇ ಹೊಸದು. ಮುಂದಿನ ಸಲ ಹೋದಾಗ ಸೈನ್ ಹಾಕಿದೆ. ಒಂದು ಪ್ರತಿ ನನಗೂ ಕೊಟ್ಟರು. ಅದು ಈಗಲೂ ನನ್ನ ಫೈಲಿನಲ್ಲಿದೆ. ಯಾರಾದರೂ ನಿಮ್ಮನ್ನು ಹೀಗೆ ಕೇಳಿದರೆ ಆ ಪ್ರತಿ ಕೇಳಿ ಪಡೆದುಕೊಳ್ಳಿ, ಅದು ನಮ್ಮ ಹಕ್ಕು.

ಆ್ಯಪ್ ಹಾಕಿದ್ದು ಮಗಳ ಮೊಬೈಲ್‌ಗೆ. ನನ್ನದು ಒತ್ತುವ ಫೋನು. ಮಗಳು ಉಡುಪಿಯಲ್ಲಿ ಅಂಗಡಿ ಕೆಲಸ ಮುಗಿಸಿ ಬರುವಾಗ ಏಳು ಗಂಟೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಇಬ್ಬರೂ ಬಾವಿಕಟ್ಟೆಯ ಹತ್ತಿರ ಕುರ್ಚಿ ಹಾಕಿ ಕೂರುತ್ತಿದ್ದೆವು. ಅವಳು ಓದುವುದು, ನಾನು ಹೇಳುವುದು, ಅವಳು ಒತ್ತುವುದು.

"ಕಳೆದ 7 ದಿನಗಳಲ್ಲಿ ನಿಮಗೆ ವಾಕರಿಕೆ ಎಷ್ಟು ಬಾರಿ ಬಂದಿದೆ?" "ಬಾಯಿಹುಣ್ಣು ಹೆಚ್ಚೆಂದರೆ ಎಷ್ಟು ತೀವ್ರವಾಗಿತ್ತು?" ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ, ತುಂಬಾ ತೀವ್ರ. ಐದರಲ್ಲಿ ಒಂದು ಒತ್ತಬೇಕು. ಇದು ಸುಮ್ನೆ ಯಾರೋ ಕೂತು ಬರೆದ ಪಟ್ಟಿ ಅಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಕೀಮೋದಿಂದ ಆಗುವ 78 ತೊಂದರೆಗಳಿಗೆ ಹೀಗೆ ಪ್ರಶ್ನೆ ಮಾಡಿಟ್ಟಿದ್ದಾರಂತೆ, ಅದರಿಂದ ನಮಗೆ ಬೇಕಾದ್ದನ್ನು ಆರಿಸಿದ್ದೇವೆ ಅಂತ ಸಿಸ್ಟರ್ ಹೇಳಿದ್ದರು. ಇಂಥ ಪ್ರಶ್ನೆ ಬೇರೆ ಭಾಷೆಗೆ ಬರುವಾಗ ಒಬ್ಬರು ಅನುವಾದ ಮಾಡುತ್ತಾರೆ, ಇನ್ನೊಬ್ಬರು ಮೂಲ ನೋಡದೆ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡೂ ಒಂದೇ ಆಯಿತಾ ಅಂತ ನೋಡುತ್ತಾರೆ. ಆಮೇಲೆ ಕಾಯಿಲೆಯವರ ಹತ್ತಿರ ಕೂತು ಓದಿಸಿ, ಏನು ಅರ್ಥ ಆಯಿತು ಅಂತ ಕೇಳುತ್ತಾರೆ.

ನನ್ನನ್ನೂ ಕೇಳಿದ್ದರು. ಒಂದು ಪ್ರಶ್ನೆಯಲ್ಲಿ "ಖಿನ್ನತೆ" ಅಂತ ಇತ್ತು. ಅದು ಪೇಪರಿನಲ್ಲಿ ಬರುವ ಪದ, ನಾನು ಬಾಯಲ್ಲಿ ಯಾವತ್ತೂ ಹೇಳಿದವಳಲ್ಲ. "ಬೇಜಾರು ಅಂತ ಹಾಕಿ ಸಿಸ್ಟರ್" ಅಂದೆ. ಅವರು ಬರೆದುಕೊಂಡು, "ಅಕ್ಕ, ಘಟ್ಟದ ಮೇಲೆ ಬೇಜಾರು ಅಂದ್ರೆ ಬೋರಾಗೋದು ಅಂತಲೂ ಆಗ್ತದಲ್ವಾ?" ಅಂದರು. ಹೌದು. ನಮ್ಮಲ್ಲಿ ಸಾವಿನ ಮನೆಗೆ ಹೋದರೂ ಬೇಜಾರು ಅನ್ನುತ್ತೇವೆ, ಯಾರಾದರೂ ಮನಸ್ಸಿಗೆ ನೋಯಿಸಿದರೂ ಬೇಜಾರು ಅನ್ನುತ್ತೇವೆ. ಸುಸ್ತಿನದೂ ಅದೇ ಕಥೆ. ಮನೆಯಲ್ಲಿ ನಾವು ತುಳುವಿನಲ್ಲಿ ಬಚ್ಚೆಲ್ ಅನ್ನುತ್ತೇವೆ, ಅದು ಕೆಲಸ ಮಾಡಿ ಬರುವ ದಣಿವು, ಮಲಗಿದರೆ ಹೋಗುತ್ತದೆ. ಕೀಮೋದ ಸುಸ್ತು ಅದಲ್ಲ. ಮಲಗಿ ಎದ್ದರೂ ಹಾಗೇ ಇರುತ್ತದೆ. ಬಾವಿಯಿಂದ ಒಂದು ಕೊಡ ನೀರು ಎಳೆದು, ಅದನ್ನು ಅಲ್ಲೇ ಇಟ್ಟು, ಕೊಡದ ಪಕ್ಕ ನೆಲದಲ್ಲೇ ಕೂತ ದಿನ ಉಂಟು. ಅದಕ್ಕೆ ನನ್ನ ಹತ್ತಿರ ಯಾವ ಭಾಷೆಯಲ್ಲೂ ಪದ ಇರಲಿಲ್ಲ.

ಬೇಜಾರಿನ ಪ್ರಶ್ನೆ ಬಂದಾಗಲೆಲ್ಲ ನಾನು ಮಗಳಿಗೆ "ಇಲ್ಲ" ಅಂತ ಒತ್ತಲು ಹೇಳುತ್ತಿದ್ದೆ. ಐದು ವಾರ ಹಾಗೇ. ಅವಳು ಓದುವಾಗ ಮುಖ ಎತ್ತಿ ನೋಡುತ್ತಿರಲಿಲ್ಲ. ಕೂದಲು ಹೋದ ಮೇಲೆ ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದದ್ದು ಅವಳಿಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ. ಆದರೂ ಮಗಳ ಬಾಯಿಂದ ಬಂದ ಪ್ರಶ್ನೆಗೆ ತಾಯಿ ಹೇಗೆ "ತೀವ್ರ" ಅನ್ನುವುದು? ಆಮೇಲೆ ಸಿಸ್ಟರ್ ಒಮ್ಮೆ ಕೇಳಿದರು, ಯಾರು ಒತ್ತುವುದು ಅಂತ. ಹೇಳಿದೆ. "ಇನ್ನು ಮೇಲೆ ನೀವೇ ಓದಿ ಒತ್ತಿ ಅಕ್ಕ, ಅಕ್ಷರ ದೊಡ್ಡದು ಮಾಡಿ ಕೊಡ್ತೇನೆ" ಅಂದರು. ಆ ಶನಿವಾರ ಮಗಳು ಮೊಬೈಲ್ ಕೊಟ್ಟು ಒಳಗೆ ಹೋದಳು. ಅದೇ ಪ್ರಶ್ನೆಗೆ "ತೀವ್ರ" ಒತ್ತಿದೆ. ಸೋಮವಾರ ಆಸ್ಪತ್ರೆಯ ಕೌನ್ಸೆಲರ್ ಫೋನ್ ಮಾಡಿದರು. ಏನು ಮಾತಾಡಿದೆವು ಅನ್ನುವುದು ಇಲ್ಲಿ ಬೇಡ. ಇನ್ನೊಂದು ಮಾತು ಹೇಳಿದರು, ರಾತ್ರಿ ಹೊತ್ತು ತಡೆಯಲು ಆಗದಿದ್ದರೆ 14416ಕ್ಕೆ ಮಾಡಿ, ಟೆಲಿ ಮಾನಸ್ ಅಂತ, ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ. ಆ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ.

ಇನ್ನು ಜ್ವರದ ರಾತ್ರಿಯ ವಿಷಯ. ಇದನ್ನು ಬರೆಯಬೇಕಾ ಬೇಡವಾ ಅಂತ ಯೋಚಿಸಿದೆ. ಬರೆಯಲೇಬೇಕು.

ಎರಡನೇ ಕೆಂಪು ಮದ್ದು ಆಗಿ ಹತ್ತನೇ ದಿನ, ಶನಿವಾರ. ಸಂಜೆಯಿಂದ ಮೈ ಬಿಸಿ. ಥರ್ಮಾಮೀಟರಿನಲ್ಲಿ 100.8. ಎಂದಿನಂತೆ ಬಾವಿಕಟ್ಟೆಯಲ್ಲಿ ಕೂತು ಪ್ರಶ್ನೆಗೆ ಉತ್ತರ ಕೊಟ್ಟೆವು. ಆಗ ಇನ್ನೂ ಮಗಳೇ ಒತ್ತುತ್ತಿದ್ದಳು. ಜ್ವರ ಇದೆಯಾ ಅಂದರೆ ಹೌದು ಅಂತ ಒತ್ತಿದಳು. "ನಿಮ್ಮ ಉತ್ತರ ದಾಖಲಾಗಿದೆ, ಧನ್ಯವಾದಗಳು" ಅಂತ ಬಂತು. ನಮಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಆಸ್ಪತ್ರೆಗೆ ಗೊತ್ತಾಯಿತು, ಏನಾದರೂ ಇದ್ದರೆ ಫೋನ್ ಮಾಡುತ್ತಾರೆ ಅಂದುಕೊಂಡೆವು. ಒಂದು ಪ್ಯಾರಾಸಿಟಮಾಲ್ ನುಂಗಿ, ಗಂಜಿ ಕುಡಿದು ಮಲಗಿದೆ. ಮಗಳು ಮೊಬೈಲನ್ನು ಕಿಟಕಿಯ ಹತ್ತಿರ ಇಟ್ಟಳು, ಅಲ್ಲಿ ಒಂದು ಗೆರೆ ನೆಟ್‌ವರ್ಕ್ ಬರುತ್ತದೆ ಅಂತ. ಫೋನ್ ಬರಲಿಲ್ಲ. ಬೆಳಗಿನ ಜಾವ ಮೈ ನಡುಗಲು ಶುರುವಾಯಿತು. ಹಲ್ಲು ಕಟಕಟ. 102.6.

ಬಾಯಮ್ಮನ ಮಗ ಕಾರು ತಂದರು. ತಲುಪಿದ ಕೂಡಲೇ ರಕ್ತ ತೆಗೆದರು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ನ್ಯೂಟ್ರೋಫಿಲ್ ಅಂತಾರೆ, ಅದು 400ಕ್ಕೆ ಇಳಿದಿತ್ತು. 500ಕ್ಕಿಂತ ಕೆಳಗೆ ಹೋದರೆ ತುಂಬಾ ಅಪಾಯ. ಕೀಮೋ ಆಗಿ ಒಂದರಿಂದ ಎರಡು ವಾರದ ನಡುವೆ ಅದು ತೀರಾ ಕೆಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ 100.4 ದಾಟಿದರೆ ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ಬರಬೇಕು, ಮಾತ್ರೆ ನುಂಗಿ ಕಾಯಬಾರದು, ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ ಅಷ್ಟೇ. ಇದನ್ನು ಡ್ಯೂಟಿ ಡಾಕ್ಟರು ನನ್ನ ಗಂಡನಿಗೆ ಎರಡು ಸಲ ಹೇಳಿದರು. ಐದು ದಿನ ನರದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟರು. ಬದುಕಿದೆ.

ಶನಿವಾರ ಒತ್ತಿದ ಉತ್ತರವನ್ನು ಯಾರೂ ನೋಡಿರಲಿಲ್ಲ. ಸೋಮವಾರವೇ ನೋಡುವುದು. ಸೈನ್ ಹಾಕಿದ ಕಾಗದದ ಮೂರನೇ ಪುಟದಲ್ಲಿ "ತುರ್ತು ಸ್ಥಿತಿಯಲ್ಲಿ ಈ ಆ್ಯಪ್ ಬಳಸಬೇಡಿ, ಆಸ್ಪತ್ರೆಗೆ ಕರೆ ಮಾಡಿ" ಅಂತ ಇತ್ತು, ನಂಬರೂ ಇತ್ತು. ನಾನು ಓದಿದ್ದೆ. ಆದರೆ ಜ್ವರ ಬಂದ ರಾತ್ರಿ ಮೂರನೇ ಪುಟ ಯಾರಿಗೆ ನೆನಪಾಗುತ್ತದೆ? ಜ್ವರ ಇದೆಯಾ ಅಂತ ಕೇಳಿದ ಪರದೆಯ ಮೇಲೆಯೇ ಅದನ್ನು ಹೇಳಬೇಕಿತ್ತು.

ಸೋಮವಾರ ಸಿಸ್ಟರ್ ವಾರ್ಡಿಗೆ ಬಂದರು. ಮುಖ ಬಿಳುಚಿಕೊಂಡಿತ್ತು. ನಾನು ಬಯ್ಯಲಿಲ್ಲ, ಆದರೆ ಕೇಳಿದೆ: "ನೋಡುವವರು ಇಲ್ಲದಿದ್ದರೆ ನಾವು ಒತ್ತುವುದು ಯಾಕೆ?" ಆಗ ಅವರು ಕೂತು ಒಂದು ವಿಷಯ ಹೇಳಿದರು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡಾ. ಈಥನ್ ಬಾಶ್ ಮತ್ತು ಜೊತೆಯವರು ಇದೇ ಥರ ಮಾಡಿ ನೋಡಿದ್ದರಂತೆ. ಕ್ಯಾನ್ಸರ್ ಹರಡಿದ್ದ 766 ಜನ. ಒಂದು ಗುಂಪಿಗೆ ಎಂದಿನಂತೆ ಚಿಕಿತ್ಸೆ. ಇನ್ನೊಂದು ಗುಂಪಿನವರು ಅದರ ಜೊತೆಗೆ 12 ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ಹೇಳುತ್ತಿದ್ದರು. 2017ರಲ್ಲಿ ಲೆಕ್ಕ ಹೊರಬಂತು. ಗುಂಪಿನ ಅರ್ಧದಷ್ಟು ಜನ ಎಷ್ಟು ಕಾಲ ಬದುಕಿದ್ದರು ಅಂತ ನೋಡಿದರೆ, ಎಂದಿನ ಚಿಕಿತ್ಸೆಯವರಲ್ಲಿ 26 ತಿಂಗಳು, ತೊಂದರೆ ಹೇಳುತ್ತಿದ್ದವರಲ್ಲಿ 31.2 ತಿಂಗಳು. ಹೊಸ ಮದ್ದು ಅಂತ ಏನೂ ಕೊಟ್ಟಿರಲಿಲ್ಲ.

"ಅಲ್ಲಿ ಏನು ವ್ಯತ್ಯಾಸ ಅಂದ್ರೆ ಅಕ್ಕ, ತೊಂದರೆ ಜಾಸ್ತಿ ಆದ ಕೂಡಲೇ ನರ್ಸಿಗೆ ಇಮೇಲ್ ಹೋಗ್ತಿತ್ತು. ಅವರು ಏನಾದರೂ ಮಾಡ್ತಿದ್ರು" ಅಂದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನನಗೆ ಆಗ ಅರ್ಥ ಆಯಿತು. ಮಗಳ ಕೈಯಲ್ಲಿದ್ದ ಮೊಬೈಲು ಒಂದು ತುದಿ. ಇನ್ನೊಂದು ತುದಿಯಲ್ಲಿ ಮನುಷ್ಯರು ಇದ್ದರೆ ಮಾತ್ರ ಅದು ಚಿಕಿತ್ಸೆ.

ಎರಡು ವಾರದಲ್ಲಿ ಆ್ಯಪ್ ಬದಲಾಯಿತು. ಜ್ವರಕ್ಕೆ ಹೌದು ಅಂದ ಕೂಡಲೇ ಪರದೆ ಕೆಂಪಾಗುತ್ತದೆ. "ಕಾಯಬೇಡಿ, ಈಗಲೇ ಕರೆ ಮಾಡಿ" ಅಂತ ಬರುತ್ತದೆ, ಅಲ್ಲೇ ಒತ್ತಿದರೆ ಡ್ಯೂಟಿ ನರ್ಸಿಗೆ ಫೋನ್ ಹೋಗುತ್ತದೆ. ನಾನು ಒಮ್ಮೆ ಒತ್ತಿ ನೋಡಿದೆ, ಹೋಗುತ್ತದಾ ಅಂತ. ಎರಡನೇ ರಿಂಗಿಗೆ ಎತ್ತಿದರು. ಪರೀಕ್ಷೆಗೆ ಒತ್ತಿದ್ದು ಅಂದೆ. "ಒಳ್ಳೆಯದಾಯ್ತು, ಒತ್ತಿ ನೋಡಬೇಕು" ಅಂದರು.

ವಾರ ವಾರದ ಮದ್ದು ಶುರುವಾದ ಮೇಲೆ ವಾಕರಿಕೆ ಕಡಿಮೆ. ಊಟ ರುಚಿಸಿತು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಬೇಡ, ಬಾಯಿ ಉರಿಯುತ್ತದೆ, ಆದರೆ ತಂಬುಳಿ ಸೇರುತ್ತಿತ್ತು. ಸಣ್ಣಗೆ ಮಲ್ಲಿಗೆ ಕೆಲಸಕ್ಕೂ ಕೂತೆ. ಕೊಯ್ಯಲು ಗಂಡ ಹೋಗುತ್ತಿದ್ದರು, ಕಟ್ಟುವುದು ನಾನು. ಐದನೇ ವಾರಕ್ಕೆ ಬೆರಳ ತುದಿಯಲ್ಲಿ ಜೋಮು. ಕೂತು ಎದ್ದಾಗ ಕಾಲಿಗೆ ಬರುವಂಥದ್ದೇ, ಆದರೆ ಹೋಗುವುದಿಲ್ಲ. ಆ್ಯಪ್‌ನಲ್ಲಿ "ಕೈಕಾಲುಗಳಲ್ಲಿ ಜೋಮು ಅಥವಾ ಜುಮ್ಮೆನ್ನುವಿಕೆ" ಅನ್ನುವುದಕ್ಕೆ "ಸ್ವಲ್ಪ" ಅಂತ ಒತ್ತಿದೆ. ಆರನೇ ವಾರವೂ ಸ್ವಲ್ಪ. ಏಳನೇ ವಾರವೂ ಸ್ವಲ್ಪ.

ಸುಳ್ಳು ಹೇಳಿದೆನಾ? ಪೂರ್ತಿ ಸುಳ್ಳಲ್ಲ. ನೋವು ಇರಲಿಲ್ಲ, ಹಾಗಾಗಿ ದೊಡ್ಡದಲ್ಲ ಅನಿಸಿತು. ಇನ್ನೊಂದು ಕಾರಣ ಹೇಳುತ್ತೇನೆ, ನನ್ನ ಹಾಗೆ ಎಷ್ಟೋ ಜನ ಇದ್ದಾರೆ. ಜಾಸ್ತಿ ಅಂದರೆ ಮದ್ದು ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಗಡ್ಡೆ ಮತ್ತೆ ಬರುತ್ತದೆ ಅನ್ನುವ ಹೆದರಿಕೆ. ಡಾಕ್ಟರ ಎದುರು ಸಿಗುವುದು ಎರಡು ನಿಮಿಷ. "ಹೇಗಿದ್ದೀರಿ?" "ಪರವಾಗಿಲ್ಲ ಡಾಕ್ಟ್ರೇ." ಮುಗಿಯಿತು.

ಎಂಟನೇ ವಾರ ಎರಡು ಸಂಗತಿ ನಡೆಯಿತು. ಗಂಜಿಯ ಪಾತ್ರೆ ಇಳಿಸಿದೆ, ಬಟ್ಟೆ ಜಾರಿತ್ತು, ಗೊತ್ತೇ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಹೆಬ್ಬೆರಳ ಪಕ್ಕ ಬೊಬ್ಬೆ ಎದ್ದಿದೆ. ಮರುದಿನ ಬೆಳಿಗ್ಗೆ ಹೂವಿನವರು ಬಂದು ಗೇಟಿನ ಹತ್ತಿರ ಹಾರ್ನ್ ಹಾಕಿದರು. ನನ್ನ ಮೊದಲ ಚೆಂಡೇ ಮುಗಿದಿರಲಿಲ್ಲ. ಗಡಿಯಾರ ನೋಡಿದೆ, ಒಂದೂಮುಕ್ಕಾಲು ಗಂಟೆ. ಕಟ್ಟಿದ್ದನ್ನು ಎತ್ತಿದರೆ ನಾರು ಸಡಿಲ, ನಡುವಿನಿಂದ ಮೊಗ್ಗು ಉದುರಿ ನೆಲಕ್ಕೆ ಬಿತ್ತು. 29 ವರ್ಷದಲ್ಲಿ ನನ್ನ ಹೂವು ಉದುರಿದ್ದು ಇಲ್ಲ. ಹೂವಿನವರು ಏನೂ ಹೇಳದೆ ಹೋದರು. ನಾನು ತಟ್ಟೆಯ ಮುಂದೆಯೇ ಕೂತಿದ್ದೆ.

ಆ ಶನಿವಾರ ಜೋಮಿನ ಪ್ರಶ್ನೆಯ ಕೆಳಗಿನ ಪ್ರಶ್ನೆಯನ್ನು ಮೊದಲ ಸಲ ಸರಿಯಾಗಿ ಓದಿದೆ: ಜೋಮಿನಿಂದ ನಿಮ್ಮ ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು? ಅಲ್ಲಿ "ತುಂಬಾ" ಅಂತ ಒತ್ತಿದೆ. ಬೇರೆ ಏನಾದರೂ ಹೇಳುವುದಿದೆಯಾ ಅಂತ ಕೊನೆಗೆ ಒಂದು ಖಾಲಿ ಜಾಗ ಇರುತ್ತದೆ. ಮಗಳನ್ನು ಕರೆದು ಬರೆಸಿದೆ: "ಒಂದು ಚೆಂಡಿಗೆ ಮುಕ್ಕಾಲು ಗಂಟೆ ಸಾಕಿತ್ತು, ಈಗ ಒಂದೂಮುಕ್ಕಾಲು. ಹೂವು ಉದುರುತ್ತದೆ."

ಹತ್ತು ನಿಮಿಷದಲ್ಲಿ ಫೋನ್ ಬಂತು. ಶನಿವಾರ ರಾತ್ರಿ. ಸಿಸ್ಟರೇ. ಚೆಂಡು ಅಂದರೆ ಏನು ಅಂತ ಕೇಳಿದರು, ಅವರು ಈ ಕಡೆಯವರಲ್ಲ. ವಿವರಿಸಿದೆ. ಅಂಗಿಯ ಬಟನ್ ಹಾಕಲು ಆಗುತ್ತದಾ, ಚಪ್ಪಲಿ ಕಾಲಿಂದ ಜಾರಿದರೆ ಗೊತ್ತಾಗುತ್ತದಾ, ರಾತ್ರಿ ಕತ್ತಲಲ್ಲಿ ನಡೆಯುವಾಗ ವಾಲುತ್ತದಾ ಅಂತೆಲ್ಲ ಕೇಳಿದರು. ಬುಧವಾರ ಡಾಕ್ಟರ ಮೇಜಿನ ಮೇಲೆ ನನ್ನ ಎಂಟು ವಾರದ ಉತ್ತರಗಳ ಹಾಳೆ ಇತ್ತು, ಕೆಳಗೆ ಕೈಬರಹದಲ್ಲಿ ಚೆಂಡಿನ ಲೆಕ್ಕ. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿ ಮುಟ್ಟಿಸಿದರು. ಯಾವ ಬೆರಳು ಅಂತ ಕೇಳಿದರು. ನಾನು ಕಾಯುತ್ತಾ ಕೂತೆ, ಯಾವಾಗ ಮುಟ್ಟಿಸುತ್ತಾರೆ ಅಂತ. ಆಗಲೇ ಮುಟ್ಟಿಸಿ ಆಗಿತ್ತು.

ಪ್ಯಾಕ್ಲಿಟಾಕ್ಸೆಲ್ ನರದ ತುದಿಗೆ ಪೆಟ್ಟು ಕೊಡುತ್ತದೆ. ಉದ್ದದ ನರಗಳಿಗೆ ಮೊದಲು, ಹಾಗಾಗಿ ಬೆರಳ ತುದಿ, ಪಾದ. ಹೀಗೆ ಆಗದಂತೆ ತಡೆಯುವ ಮಾತ್ರೆ ಅಂತ ಒಪ್ಪಿಕೊಂಡದ್ದು ಯಾವುದೂ ಇಲ್ಲ. ಆದ ಮೇಲೆ ಉರಿ, ನೋವು ಇದ್ದರೆ ಡುಲೋಕ್ಸೆಟಿನ್ ಅಂತ ಒಂದು ಮಾತ್ರೆ ಕೊಡುತ್ತಾರೆ. ನನ್ನದು ಬರೀ ಜೋಮು, ಅದಕ್ಕೆ ಬೇಡ ಅಂದರು. ಮದ್ದಿನ ಪ್ರಮಾಣ ಕಡಿಮೆ ಮಾಡುವುದು, ನಡುವೆ ಬಿಡುವು ಕೊಡುವುದು, ಇದೇ ದಾರಿ. ಒಂದು ವಾರ ಬಿಟ್ಟು, ಉಳಿದ ನಾಲ್ಕನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. "ಐದನೇ ವಾರವೇ ಹೇಳಬೇಕಿತ್ತಮ್ಮ. ಹೇಳಿದರೆ ನಿಲ್ಲಿಸುವುದಿಲ್ಲ, ಹೊಂದಿಸುತ್ತೇವೆ" ಅಂದರು ಡಾಕ್ಟರು.

ಮನೆಯಲ್ಲಿ ಏನು ಮಾಡಬೇಕು ಅಂತ ಸಿಸ್ಟರ್ ಹೇಳಿಕೊಟ್ಟರು. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ತೋಟಕ್ಕೆ ಬರಿಗಾಲಲ್ಲಿ ಹೋಗಬಾರದು, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಯಲ್ಲಿ ಒಬ್ಬಳೇ ಓಡಾಡಬಾರದು. ಮದ್ದು ನಿಂತ ಮೇಲೂ ಒಂದೆರಡು ತಿಂಗಳು ಜೋಮು ಜಾಸ್ತಿ ಆಗಬಹುದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಕೊನೆಯ ಕೀಮೋ ಆಗಿ ತಿಂಗಳಾದ ಮೇಲೆ ಜಾಸ್ತಿ ಆದಾಗ ನಾನು ಗಾಬರಿ ಬೀಳಲಿಲ್ಲ.

ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ. ಕೀಮೋ ಕುರ್ಚಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಅಕ್ಕ, ಬೀಡಿ ಕಟ್ಟುವವರು. ಮನೆಯಲ್ಲಿ ಸ್ಮಾರ್ಟ್ ಫೋನ್ ಇಲ್ಲ ಅಂತ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರಿಗೂ ಅದೇ ಮದ್ದು, ಬದುಕು ಅದೇ ಬೆರಳಿನಲ್ಲಿ. ಎಲೆ ಸುರುಳಿ ಸುತ್ತಲು ಆಗುವುದಿಲ್ಲ ಅಂತ ನನ್ನ ಹತ್ತಿರ ಹೇಳಿದರು, ಡಾಕ್ಟರ ಹತ್ತಿರ ಹೇಳಲಿಲ್ಲ. ನಾನೇ ಸಿಸ್ಟರನ್ನು ಕರೆದು ಅವರ ಕೈ ತೋರಿಸಿದೆ. ಒತ್ತುವ ಫೋನಿನವರಿಗೆ ವಾರಕ್ಕೊಮ್ಮೆ ಕರೆ ಮಾಡಿ ಇದೇ ಪ್ರಶ್ನೆ ಕೇಳಬಹುದಲ್ವಾ ಅಂತಲೂ ಕೇಳಿದೆ. ಮುಂದಿನ ಸಲಕ್ಕೆ ಬರೆದುಕೊಂಡಿದ್ದಾರೆ. ಅಲ್ಲಿಯವರೆಗೆ ಆ ಅಕ್ಕನ ನಂಬರ್ ನನ್ನ ಹತ್ತಿರ ಉಂಟು, ಭಾನುವಾರ ನಾನೇ ಮಾಡುತ್ತೇನೆ.

ಹೋದ ತಿಂಗಳು ಕೊನೆಯ ಸಲ ಪ್ರಶ್ನೆ ಕೇಳಲು ಸಿಸ್ಟರ್ ಮನೆಗೇ ಬಂದರು. ಈ ಸಲ ಕಾಗದದ ಮೇಲೆ, ಯುರೋಪಿನ ಇಒಆರ್‌ಟಿಸಿ ಅನ್ನುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 30 ಪ್ರಶ್ನೆ. ಮೊದಲ 28ಕ್ಕೆ 1ರಿಂದ 4. ಕೊನೆಯ ಎರಡಕ್ಕೆ 1ರಿಂದ 7: ಕಳೆದ ವಾರ ನಿಮ್ಮ ಒಟ್ಟು ಆರೋಗ್ಯ ಹೇಗಿತ್ತು, ಒಟ್ಟು ಬದುಕು ಹೇಗಿತ್ತು. ಅಂಗಳದಲ್ಲಿ ಕೂತು ಎರಡಕ್ಕೂ 5 ಅಂತ ಸುತ್ತು ಹಾಕಿದೆ. ಕಾಗದ ಮಡಚಿ ಇಟ್ಟ ಮೇಲೆ ಅವರು ಪೆನ್ನು ಮುಚ್ಚಲಿಲ್ಲ.

"ಚೆಂಡಿಗೆ ಈಗ ಎಷ್ಟು ಹೊತ್ತು ಅಕ್ಕ?"

"ಒಂದು ಗಂಟೆ ಹತ್ತು ನಿಮಿಷ."

"ಉದುರ್ತದಾ?"

ಬೆಳಿಗ್ಗೆ ಕಟ್ಟಿದ್ದರಲ್ಲಿ ಒಂದು ಮೊಳ ತೆಗೆದಿಟ್ಟಿದ್ದೆ. ಕೈಗೆ ಕೊಟ್ಟು, ಎಳೆದು ನೋಡಿ ಅಂದೆ. ಅವರು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರು. ಆಮೇಲೆ ಅದನ್ನು ಜಡೆಗೆ ಮುಡಿದುಕೊಂಡು ಬಸ್ಸಿಗೆ ಹೋದರು.